ನಾಲ್ಕು ಬ್ಯಾಸಗಿಯ ನಾರು

ಮೊನ್ನೆ ಶಹಾಪುರದ ದವಾಖಾನಿಗೆ ಬಿಪಿ ತೋರಸಾಕ ಹೋಗಿದ್ದೆ. ಅಲ್ಲಿ ಹೊಸದಾಗಿ ಬಂದ ಡಾಕ್ಟರ್ ನನ್ನ ಹಿಮ್ಮಡದ ಮ್ಯಾಲಿನ ಕಲೆ ನೋಡಿ, "ಅಜ್ಜಾ, ಇದೇನ್ರಿ, ಹಾವು ಕಡಿದಿತ್ತೇನು?" ಅಂತ ಕೇಳಿದ. ನಾರು ಅಂದೆ. ಅವನಿಗೆ ತಿಳೀಲಿಲ್ಲ. "ನಾರುಹುಣ್ಣಪಾ. ಕಾಲಾಗಿಂದ ಹುಳ ಬರ್ತಿತ್ತು, ಮೊಳದುದ್ದಂದು" ಅಂದೆ. "ಪುಸ್ತಕದಾಗ ಓದೀನ್ರಿ, ಬಂದವರನ್ನ ಕಂಡಿದ್ದಿಲ್ಲ" ಅಂದು, ಬಿಪಿ ನೋಡೂದು ಬಿಟ್ಟು ಕುರ್ಚಿ ಹತ್ರ ಎಳಕೊಂಡ. ಹೊರಗ ಪಾಳಿ ಹಚ್ಚಿ ಕುಂತ ಮಂದಿ ಬೈಯಾಕತ್ತಿದ್ರು. ನನಗ ಹೇಳೂ ಹುರುಪು ಬಂದಿತ್ತು, ಆದರ ಅರ್ಧಕ್ಕ ಬಿಟ್ಟು ಎದ್ದು ಬರಬೇಕಾತು. ಉಳಿದದ್ದು ಇಲ್ಲಿ ಬರದೀನಿ.

"ಈಗ ಯಾರಿಗೂ ಬರಲಾರದ ಬ್ಯಾನಿ ಬಗ್ಗೆ ಬರದ್ರ ಓದಿ ಯಾರಿಗೆ ಧೈರ್ಯ ಬರಬೇಕು?" ಅಂತಾಳ ನನ್ನ ಹೆಂಡತಿ. ಆಕಿ ಅನ್ನೂದೂ ಖರೇನ. ಆದರ ಒಂದ ಪರೀಕ್ಷೆಯೊಳಗ ಮ್ಯಾಲಿಂದ ಮ್ಯಾಲೆ ಫೇಲಾಗಿ, ಮಂದಿ ಮಾರಿ ನೋಡಾಕ ನಾಚಿ, ಕಂಬಳಿ ಮುಸುಕು ಹಾಕ್ಕೊಂಡು ಮಲಗಿದವರು ಇನ್ನೂ ಅದಾರಲ್ಲ. ಇದು ಅವರಿಗಿರಲಿ.

ನಮ್ಮದು ದೋರನಹಳ್ಳಿ ಆಚಿಗಿನ ಸಣ್ಣ ಊರು. ಶಹಾಪುರಕ್ಕ ಎರಡು ತಾಸಿನ ನಡಿಗಿ. ಅಪ್ಪನ ಹಂತ್ಯಾಕ ಕುರಿ ಇದ್ದವು, ಒಂದೀಟು ಖುಷ್ಕಿ ಹೊಲ ಇತ್ತು. ನಮ್ಮವ್ವ ನಾಗವ್ವ ಕುರಿ ಉಣ್ಣಿ ನೂಲತಿದ್ಳು. ನಾನು ನಿಜಾಮನ ಕಾಲದಾಗ ಐದನೇ ಜಮಾತಿನ ತನಕ ಉರ್ದುವಿನೊಳಗ ಓದಿದಾಂವ. ನಿಜಾಮನ ಆಳಿಕಿ ಮುಗದು ನಾವು ಹಿಂದೂಸ್ತಾನದಾಗ ಕೂಡಿದ ಮ್ಯಾಲೆ ಸಾಲಿಗೆ ಕನ್ನಡ ಬಂತು. ಧಾರವಾಡ ಕಡೆಯಿಂದ ಒಬ್ಬ ಮಾಸ್ತರರು ಬಂದ್ರು. "ಊರೂರಿಗೆ ಕನ್ನಡ ಸಾಲಿ ತೆಗಿಯಾಕತ್ತಾರ, ಕಲಿಸಾಕ ಮಂದಿ ಇಲ್ಲ. ಬೀರಪ್ಪಾ, ನೀ ಏಳನೇತ್ತ ಪಾಸಾದ್ರ ಮಾಸ್ತರ ಆಗ್ತಿ ನೋಡು" ಅಂತ ಅವರು ಒಂದಿನ ಅಂದ್ರು. ಅವರು ಹಗುರಾಗಿ ಅಂದಿರಬೇಕು. ನನ್ನ ತಲಿಯೊಳಗ ಮಾತ್ರ ಅದು ಗೂಟ ಬಡದಂಗ ಕುಂತುಬಿಡ್ತು. ನಮ್ಮ ಮನಿತನದಾಗ ಅಕ್ಷರ ಬಲ್ಲಾಂವ ನಾನೊಬ್ಬನ. ಮಾಸ್ತರ ಆಗಬೇಕು, ಬ್ಯಾರೆ ಏನೂ ಬ್ಯಾಡಾಗಿತ್ತು ನನಗ.

ಪರೀಕ್ಷೆ ಇರೂದು ಬ್ಯಾಸಗಿಯೊಳಗ. ನಾರು ಬರೂದೂ ಬ್ಯಾಸಗಿಯೊಳಗ.

ಮೊದಲನೇ ವರ್ಷ ಪರೀಕ್ಷೆ ಇನ್ನ ಹದಿನೈದು ದಿನ ಅದ ಅಂದಾಗ ಬಲಗಾಲ ಗಿಣ್ಣಿನ ಹತ್ರ ಒಂದು ಗುಳ್ಳಿ ಎದ್ದಿತು. ಉರಿ ಅಂದ್ರ ಉರಿ, ಕೆಂಡ ಇಟ್ಟಂಗ! ನಮ್ಮೂರಾಗ ಇದಕ ಎಲ್ಲಾರೂ ಮಾಡೂದು ಒಂದ. ಊರ ನಡುವ ಪಾವಟಿಗಿ ಬಾವಿ ಇತ್ತು. ಕೊಡ ತುಂಬಾಕ ಹೆಣ್ಮಕ್ಕಳು ಮೆಟ್ಟಲ ಇಳದು ನೀರಿನ್ಯಾಗ ನಿಂದ್ರತಿದ್ರು. ಅದ ಮೆಟ್ಟಲ ಮ್ಯಾಲೆ ನಾರು ಬಂದಾಂವನೂ ಕುಂತು ಕಾಲ ಇಳಿ ಬಿಡಾಂವ. ತಣ್ಣಗ ಆಗ್ತದ, ಗುಳ್ಳಿ ಒಡೀತದ, ನಾರಿನ ತಲಿ ಹೊರಗ ಬರ್ತದ. ನಾನೂ ಹೋಗಿ ಕುಂತೆ. ಅಬ್ಬಾ, ಆ ತಂಪು ಏನ್ ಹೇಳ್ಲಿ! ಕಣ್ಣಾಗ ನೀರ ಬಂದುವು.

ತಲಿ ಹೊರಗ ಬಂತು ಅಂದ್ರ ಮುಂದಿನದು ನಮ್ಮವ್ವನ ಕೆಲಸ. ಬರೇ ನನಗಲ್ಲ, ಇಡೀ ಊರಿಗೆ ನಾರು ಸುತ್ತಾಕಿ ಆಕಿನ. ಯಾಕಂದ್ರ ನಾರು ಎಳಿಯೂದು ಉಣ್ಣಿ ನೂತಂಗ. ಒಂದು ಸಣ್ಣ ಕಡ್ಡಿಗೆ ತಲಿ ಸಿಗಸಿ ದಿನಾ ಎರಡು ಬೆರಳಷ್ಟು ಸುತ್ತಬೇಕು, ಕಡ್ಡಿ ಕಾಲಿಗೇ ಕಟ್ಟಿಡಬೇಕು, ನಾಳೆ ಮತ್ತೆ ಎರಡು ಬೆರಳು. ಹೆಚ್ಚು ಎಳದ್ರ ಹರೀತದ. ಹರದು ಒಳಗ ಉಳೀತು ಅಂದ್ರ ಕಾಲು ಬಾತು ಕೀವು ತುಂಬ್ತದ. ಎಷ್ಟು ಎಳದ್ರ ಹರಿಯಂಗಿಲ್ಲ ಅಂಬೋದು ಅವ್ವನ ಬೆರಳಿಗೆ ಗೊತ್ತಿತ್ತು. "ಇದು ತಾನ ಬರ್ತೀನಿ ಅಂದಾಗ ಎಳೀಬೇಕಪಾ. ನಾವು ಬಾ ಅಂದ್ರ ಬರಂಗಿಲ್ಲ" ಅಂತಿದ್ಳು. ಆಕಿಗೆ ಮಾತ್ರ ಒಮ್ಮೆನೂ ನಾರು ಬಂದಿದ್ದಿಲ್ಲ. "ನಾ ಅಂದ್ರ ಅದಕ ಅಂಜಿಕಿ" ಅಂತ ನಗತಿದ್ಳು.

ನನಗ ಬ್ಯಾನಿಗಿಂತ ಅದನ್ನ ನೋಡೂ ಹುಚ್ಚು. ಬೆಳ್ಳಗ, ತೊಯಿಸಿದ ದಾರದಂಗ ಇತ್ತು. ಹುಣ್ಣಿನ ಮ್ಯಾಲೆ ನೀರು ಬಿಟ್ರ ಅದರ ತುದಿಯಿಂದ ಹಾಲಿನಂಥಾದ್ದು ಒಂದು ಹನಿ ಬರ್ತಿತ್ತು. ಮತ್ತೆ ನೀರು ಬಿಡ್ತಿದ್ದೆ, ಮತ್ತೆ ಹನಿ. "ಅವ್ವಾ, ಇದೇನು?" ಅಂತ ಕೇಳಿದ್ರ, "ಅದರ ಸಿಟ್ಟು" ಅಂದ್ಳು. ಆ ಮಾತು ನನಗ ಸಾಕಾಗಲಿಲ್ಲ. ಮತ್ತ ಈ ಕುರಿ? ಅವೂ ಅದ ಬಾವಿ ನೀರು ಕುಡೀತಾವು, ನಾವು ಸೇದಿ ಕಲ್ಲಿನ ದೋಣಿಗೆ ಹಾಕ್ತೀವಿ. ಒಂದು ಕುರಿಗರೆ ನಾರು ಬಂದದ್ದು ಯಾರರೆ ಕಂಡಾರೇನು? ಅಪ್ಪನ್ನ ಕೇಳಿದೆ. "ಕುರಿಗೆ ಪರೀಕ್ಷೆ ಇಲ್ಲಲೇ, ಅದಕ ಬರಂಗಿಲ್ಲ" ಅಂದ.

ಆ ವರ್ಷ ಅಪ್ಪ ಬಂಡಿಯೊಳಗ ಮಲಗಿಸಿ ಶಹಾಪುರಕ್ಕ ಒಯ್ದ. ಮೊದಲನೇ ದಿನ ಅರ್ಧ ಬರದೆ, ಜ್ವರ ಏರಿ ಬೆಂಚಿನ ಮ್ಯಾಲೆ ತಲಿ ಇಟ್ಟೆ. ಫೇಲ್.

ಎರಡನೇ ವರ್ಷ, ಅದ ಹೊತ್ತಿಗೆ, ಎಡಗಾಲಿನ ಹಿಮ್ಮಡದ ಮ್ಯಾಲೆ ಗುಳ್ಳಿ. ನನಗ ಅಳು ಬರೂದು ಬಿಟ್ಟು ಆಶ್ಚರ್ಯ ಬಂತು. ವರ್ಷದಾಗ ಇಷ್ಟು ದಿನ ಅದಾವು, ಇದು ಪರೀಕ್ಷೆ ಹೊತ್ತಿಗೇ ಯಾಕ ಬರ್ತದ? ಯಾರು ಇದಕ ಟೈಮ್ ಹೇಳ್ಯಾರ? ಊರ ಮಂದಿ ದೇವರ ಮುನಿಸು ಅಂದ್ರು. ಪಾಪ ಅಂದ್ರು. ಹದಿನೇಳು ವರ್ಷದಾಗ ನಾ ಮಾಡಿದ ಪಾಪ ಅಂದ್ರ ಗೌಡರ ಹೊಲದಾಗ ಕುಸುಬಿ ಕಿತ್ತು ತಿಂದದ್ದು. ಅದೂ ಬ್ಯಾಸಗ್ಯಾಗ ಅಲ್ಲ.

ಅವ್ವ ದಿನಾ ಎರಡು ಬೆರಳು ಸುತ್ತಾಕತ್ತಿದ್ಳು. ಪರೀಕ್ಷೆಗೆ ಇನ್ನ ನಾಲ್ಕು ದಿನ. ಅವ್ವ ನೀರಿಗೆ ಹೋಗ್ಯಾಳ. ಕಡ್ಡಿ ನೋಡಿದೆ, ಕಾಲು ನೋಡಿದೆ. ಇಷ್ಟು ಬಂದದ, ಇನ್ನೆಷ್ಟು ಇದ್ದೀತು ಅಂತ ಕಡ್ಡಿ ಹಿಡದು ಗರಗರ ಸುತ್ತಿದೆ. ಬಂತು, ಬಂತು, ಟಪ್ ಅಂತ ಹರೀತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ಮನ ಅಂದಾರೇನು. ಅವ್ವ ಬಂದು ನೋಡಿ ತಲಿಮ್ಯಾಲಿನ ಕೊಡ ಇಳಸೂದು ಸುದ್ದಾ ಮರತಳು. "ಏನ್ ಮಾಡ್ಕೊಂಡ್ಯೋ ಭಾಡ್ಯಾ! ಊರ ಮಂದಿದೆಲ್ಲಾ ಉಳಿಸಿ ನನ್ನ ಮಗಂದ ಹರದ್ನೇನೋ!" ಅಂತ ಕುಂತು ಅತ್ತಳು. ಹರದಾಂವ ನಾನು, ಅತ್ತಾಕಿ ಆಕಿ.

ಮರುದಿನ ಕಾಲು ಬಾತು ಕಂಬ ಆತು. ಶಹಾಪುರದ ದವಾಖಾನಿಗೆ ಹೊತಗೊಂಡು ಹೋದ್ರು. ಒಳಗ ಜಾಗ ಇದ್ದಿದ್ದಿಲ್ಲ, ಪಡಸಾಲಿಯೊಳಗ ಹಾಸಿದ್ರು. ಸಾಲಾಗಿ ಮಲಗಿದ್ದೆವು. ಸುರಪುರ ಕಡಿಯಾಂವ ಒಬ್ಬ, ರಾಮಸಮುದ್ರದ ಮುದುಕಿ ಒಬ್ಬಾಕಿ, ಎಲ್ಲಾರದೂ ಕಾಲು ಮ್ಯಾಲೆ. ಒಬ್ಬರದೊಬ್ಬರು ಹೆಸರು ಕೇಳೂಕಿಂತ ಮೊದಲ "ನಿಮ್ಮದು ಎಷ್ಟು ಬಂತು?" ಅಂತ ಕೇಳೂದು. ಸುರಪುರದಾಂವ ದಿನಾ ಕಡ್ಡಿ ಎತ್ತಿ ತೋರಸಾಂವ, ಹೊಸ ಧೋತ್ರ ಕೊಂಡಷ್ಟು ಖುಷಿ ಅವನಿಗೆ. ಪರೀಕ್ಷೆ ನಡೆಯೂ ಸಾಲಿ ಅಲ್ಲೇ ಹಿಂದ. ಮುಂಜಾನಿ ಗಂಟಿ ಬಾರಸಿದ್ದು ಕೇಳಸ್ತು. ಗ್ವಾಡಿ ಕಡೆ ಹೊಳ್ಳಿ ಮಲಗಿದೆ. ಮುದುಕಿ ತನ್ನ ಬಶಿಯೊಳಗಿನ ಚಾದಾಗ ಅರ್ಧ ನನಗ ಕೊಟ್ಟು, "ಅಳಬ್ಯಾಡ ತಮ್ಮಾ, ಗಂಟಿ ಬರೂ ವರ್ಷನೂ ಹೊಡೀತಾರ" ಅಂದ್ಳು. ಆ ಚಾದ ರುಚಿ ನನಗ ಇನ್ನೂ ನೆಪ್ಪದ.

ಅಲ್ಲಿ ಖಾದರ್ ಸಾಬ್ ಅಂತ ಒಬ್ಬರು ಕಂಪೌಂಡರ್ ಇದ್ರು. ನಾನು ಬಾಯಿ ಮುಚ್ಚಿ ಮಲಗೂ ಪೈಕಿ ಅಲ್ಲ. ಪಟ್ಟಿ ಕಟ್ಟಾಕ ಬಂದಾಗೊಮ್ಮೆ ಸವಾಲ್ ಹಾಕತಿದ್ದೆ. ಯಾಕ ಬರ್ತದ್ರಿ? ಬ್ಯಾಸಗಿಗೇ ಯಾಕ್ರಿ? ಕುರಿಗ್ಯಾಕ ಇಲ್ರಿ? ಅವರು ಒಂದಿನ ಕೈ ತೊಳಕೊಂಡು ಬಂದು ಬಾಜೂಕ ಕುಂತ್ರು.

"ಹೋದ ಬ್ಯಾಸಗ್ಯಾಗ ಎಲ್ಲಿ ನೀರು ಕುಡದಿದ್ದಿ?"

"ಊರ ಬಾವಿದ್ರಿ."

"ಕಾಲು ಎಲ್ಲಿ ಇಟ್ಟಿದ್ದಿ?"

"ಅದ ಬಾವಿಯಾಗ್ರಿ. ಎಲ್ಲಾರೂ ಇಡ್ತಾರ್ರಿ."

"ಅದಕ ಎಲ್ಲಾರಿಗೂ ಬರ್ತದ. ಹೋದ ಬ್ಯಾಸಗಿ ಕುಡದ ನೀರಿಂದು ಈ ಬ್ಯಾಸಗಿ ಹೊರಗ ಬರ್ತದ ಬೇಟಾ. ನಾರು ನೀರಿನ್ಯಾಗ ಏನ್ ಬಿಡ್ತದ ಅಂಬೋದು ನೋಡೀಯೇನು?"

ಹಾಲಿನ ಹನಿ! ಎದ್ದು ಕುಂತುಬಿಟ್ಟೆ. ನಾ ಅದನ್ನ ಎಷ್ಟು ಸರ್ತಿ ನೋಡೀನಿ, ಆಟ ಆಡೀನಿ, ಇಷ್ಟು ಮಾತ್ರ ಹೊಳದಿದ್ದಿಲ್ಲ. "ಅರಬಿ ಬಟ್ಟಿ ಎರಡು ಸುತ್ತು ಮಡಚಿ ಅದರಾಗ ಸೋಸಿ ಕುಡಿ. ನಾರು ಬಂದಾಂವ ಬಾವಿಗೆ ಇಳೀಬಾರದು" ಅಂದ್ರು. ಕುರಿ ಬಗ್ಗೆ ಮತ್ತೆ ಕೇಳಿದೆ. ನಕ್ಕು, "ಅದು ನನಗೂ ಗೊತ್ತಿಲ್ಲ" ಅಂದ್ರು. ಗೊತ್ತಿಲ್ಲ ಅಂದದ್ದಕ್ಕ ಅವರ ಮ್ಯಾಲೆ ನಂಬಿಕಿ ಬಂತು. ಆದರ ಇನ್ನೊಂದು ಮಾತು ಹೇಳಿದ್ರು. "ಈ ಬ್ಯಾಸಗಿ ನೀರು ಸೋಸದ ಈಗಾಗ್ಲೇ ಕುಡದು ಬಂದೀದಿ. ಬರೂ ವರ್ಷನೂ ಬಂದ್ರ ಬರಬಹುದು, ಅದಕ ಏನೂ ಇಲಾಜ್ ಇಲ್ಲ. ಅದರ ಮುಂದಿನ ವರ್ಷ ನೋಡು."

ಎರಡು ವರ್ಷ ಕಾಯೂ ಪರೀಕ್ಷೆ ಅದು! ಮನಿಗೆ ಬಂದು ಅಂದಿನಿಂದನ ನನ್ನ ಧೋತ್ರದ ತುದಿ ಮಡಚಿ ಸೋಸಿ ಕುಡಿಯಾಕ ಹತ್ತಿದೆ. ಹೊಲಕ್ಕ ಹೋದ್ರೂ ಅರಬಿ, ಪರ ಊರಿಗೆ ಹೋದ್ರೂ ಅರಬಿ. ದೋಸ್ತರು "ಏ ಸೋಸು ಬೀರಪ್ಪ" ಅಂತ ಕರಿಯಾಕ ಹತ್ತಿದ್ರು. ಅವ್ವಗ ಹೇಳಿದೆ. "ಉಟ್ಟ ಧೋತ್ರದಾಗ ಸೋಸಿದ ನೀರು ಕುಡೀಲೇನು? ಥೂ! ಮೂರು ತಲಿಮಾರು ಕುಡದ ಬಾವಿ ಅದು, ಗಂಗವ್ವ" ಅಂದ್ಳು. ಹೊಸ ಅರಬಿ ತಂದು ಇಟ್ಟೆ, ಅದನ್ನ ರೊಟ್ಟಿ ಸುತ್ತಾಕ ಒಯ್ದಳು. ಹಿತ್ತಲ ಗಿಡ ಮದ್ದಲ್ಲ.

ಮೂರನೇ ವರ್ಷ ಖಾದರ್ ಸಾಬರು ಹೇಳಿದಂಗ ಗುಳ್ಳಿ ಬಂತು, ಬಲಗಾಲ ಪಾದದ ಮ್ಯಾಲೆ. ಪರೀಕ್ಷೆಗೆ ಹನ್ನೆರಡು ದಿನ ಇದ್ದವು. ಈಗ ಬರೂ ಮಾತು ಬರಿಯಾಕ ನನಗ ನಾಚಿಕಿ ಆಗ್ತದ, ಆದರೂ ಬರೀಬೇಕು. ಗುಳ್ಳಿ ಒಡದ್ರ ಲಗೂನ ಸುತ್ತಿ ಮುಗಸಬಹುದು, ಒಡೀದಿದ್ರ ಪರೀಕ್ಷೆ ದಿನ ಉರಿಯಾಗ ಸಾಯಬೇಕು. ಮನ್ಯಾಗ ಬೋಗಾಣ್ಯಾಗ ನೀರು ಹಾಕ್ಕೊಂಡು ಕಾಲ ಇಟ್ಟೆ, ಸಮಾಧಾನ ಆಗಲಿಲ್ಲ. ಬೆಳ್ಳಂಬೆಳಗ ಯಾರೂ ಇಲ್ಲದಾಗ ಕುಂಟಕೊಂತ ಹೋಗಿ ಬಾವಿಗೆ ಇಳದೆ. ಎಲ್ಲಾ ಗೊತ್ತಿದ್ದು ಇಳದೆ. ಮೊದಲಿನೆರಡು ಸರ್ತಿ ಗೊತ್ತಿಲ್ಲದ ಇಳದಿದ್ದೆ, ಅದಕ ಮಾಫಿ ಅದ. ಇದಕ ಇಲ್ಲ.

ಆ ವರ್ಷ ಕಡ್ಡಿ ಕಾಲಿಗೆ ಕಟ್ಟಿಕೊಂಡ ಪರೀಕ್ಷೆಗೆ ಕುಂತೆ. ಕಾವಲಿಗೆ ನಿಂತ ಮಾಸ್ತರರು ಕಾಪಿ ಚೀಟಿ ಇಟ್ಟಾನ ಅಂತ ತಿಳದು ಪಟ್ಟಿ ಬಿಚ್ಚು ಅಂದ್ರು. ಬಿಚ್ಚಿದೆ. ಮುಂದ ಮೂರು ತಾಸು ಅವರು ನನ್ನ ಬೆಂಚಿನ ಕಡೆ ಬರಲಿಲ್ಲ. ಎಲ್ಲಾ ವಿಷಯದಾಗ ಪಾಸಾದೆ, ಗಣಿತದಾಗ ಹೋತು. ಲೆಕ್ಕ ತಲ್ಯಾಗ ಉರ್ದುವಿನ್ಯಾಗ ಮಾಡಿ ಕನ್ನಡಕ್ಕ ತಂದು ಬರಿಯೂದ್ರಾಗ ಟೈಮ್ ಮುಗದಿತ್ತು. ಈ ಸರ್ತಿ ನಾರಿನ ಮ್ಯಾಲೆ ಹಾಕಾಕ ಬರೂಹಂಗಿದ್ದಿಲ್ಲ. ಎಂಟು ದಿನ ಕಂಬಳಿ ಮುಸುಕು ಹಾಕ್ಕೊಂಡು ಮಲಗಿದೆ.

ಅಪ್ಪ ಕುರಿ ಹಟ್ಟಿಯೊಳಗ ಕುಂಡ್ರಿಸಿಕೊಂಡು ಹೇಳಿದ. "ನೋಡು, ಕುರಿ ಯಾರನ್ನೂ ಫೇಲ್ ಮಾಡಂಗಿಲ್ಲ. ಇನ್ನೊಂದು ವರ್ಷ ಬಿಡ್ತೀನಿ. ಆಗಲಿಲ್ಲ ಅಂದ್ರ ಕಂಬಳಿ ಹೆಗಲಿಗೆ ಹಾಕ್ಕೊಂಡು ನನ್ನ ಹಿಂದ ಕೃಷ್ಣಾ ದಂಡಿಗೆ ಬರಬೇಕು. ಮತ್ತ ಬುಕ್ಕ ಅನ್ನಬಾರದು." ಆತು ಅಂದೆ.

ಆ ಒಂದು ವರ್ಷ ನಾ ಎರಡು ಕೆಲಸ ಮಾಡಿದೆ. ಮಗ್ಗಿ ಕನ್ನಡದಾಗ ಬಾಯಿಪಾಠ ಮಾಡಿದೆ, ಕುರಿ ಎಣಿಸಿದ್ರೂ ಕನ್ನಡದಾಗ. ಮತ್ತ ಒಂದು ಗುಟುಕು ನೀರೂ ಸೋಸದ ಕುಡೀಲಿಲ್ಲ. ಬ್ಯಾಸಗಿ ಬಂತು. ದಿನಾ ಮುಂಜಾನಿ ಎದ್ದವನ ಎರಡೂ ಕಾಲು ತಿರುವಿ ತಿರುವಿ ನೋಡ್ತಿದ್ದೆ, ಸಂತ್ಯಾಗ ಟಗರು ನೋಡಿದಂಗ. ಹದಿನೈದು ದಿನ ಉಳೀತು, ಏನೂ ಇಲ್ಲ. ಹತ್ತು ದಿನ, ಏನೂ ಇಲ್ಲ! ಖಾದರ್ ಸಾಬರ ಮಾತು ಖರೆ ಆತು ಅಂತ ಓಣಿ ತುಂಬ ಕುಣದಾಡಬೇಕು ಅನಿಸ್ತು.

ಅವತ್ತ ಸಂಜಿಮುಂದ ಅವ್ವ ನೂಲೂ ಕದರು ತಿರುವೂದು ನಿಲ್ಲಿಸಿ ಬಲಗೈ ತಿಕ್ಕಿಕೊಳ್ಳಾಕತ್ತಿದ್ಳು. "ಏನಾಗ್ಯದವ್ವಾ?" ಅಂದೆ. "ಏನಿಲ್ಲ, ಸೊಳ್ಳಿ ಕಡದಿರಬೇಕು" ಅಂದ್ಳು. ಮಣಿಕಟ್ಟಿನ ಮ್ಯಾಲೆ ಗುಳ್ಳಿ ಇತ್ತು.

ಆ ವರ್ಷ ನಮ್ಮ ಓಣಿಯೊಳಗ ನಾರು ಬಂದು ಮಲಗಿದವರು ಭಾಳ ಮಂದಿ. ಯಾರ ಕಾಲಿಂದು ಯಾರಿಗೆ ಬಂತು ಅಂಬೋದು ಯಾರಿಗೂ ಹೇಳಾಕ ಬರಂಗಿಲ್ಲ. ಬಾವಿಗೆ ಇಳದವರು ನಾನೊಬ್ಬನ ಅಲ್ಲ. ಆದರ ಗೊತ್ತಿದ್ದು ಇಳದಾಂವ ನಾನೊಬ್ಬನ.

ಗುಳ್ಳಿ ಒಡದು ತಲಿ ಬಂತು. ಊರಿಗೆಲ್ಲಾ ಸುತ್ತಾಕಿಗೆ ತನ್ನದು ಸುತ್ತಿಕೊಳ್ಳಾಕ ಬರಂಗಿಲ್ಲ, ಎಡಗೈಯಾಗ ಆ ಹದ ಇಲ್ಲ. ಅಪ್ಪನ ಕೈ ಒರಟು. ಆಕಿ ಕಡ್ಡಿ ನನ್ನ ಮುಂದ ಹಿಡದ್ಳು.

"ನಾ ಹರದಾಂವ ಅದೀನವ್ವಾ. ನನಗ್ಯಾಕ ಕೊಡ್ತಿ?"

"ಹರದಾಂವಗ ಹರಿಯೂದು ಗೊತ್ತಿರ್ತದ. ಹಿಡಿ."

ಹಿಡದೆ. ಆಗ ತಡಕೊಳ್ಳಾಕ ಆಗದ ಹೇಳಿಬಿಟ್ಟೆ. ಹೋದ ವರ್ಷ ಬೆಳ್ಳಂಬೆಳಗ ಬಾವಿಗೆ ಇಳದದ್ದು, ಎಲ್ಲಾ ಗೊತ್ತಿದ್ದು ಇಳದದ್ದು, ಪರೀಕ್ಷೆ ಸಂಬಂಧ ಇಳದದ್ದು. ಅವ್ವ ನನ್ನ ಮಾರಿ ನೋಡಲಿಲ್ಲ, ಕಡ್ಡಿ ನೋಡ್ತಿದ್ಳು. "ಎರಡು ಬೆರಳು" ಅಂದ್ಳು. "ಮಾತಾಡಬ್ಯಾಡ. ಸುತ್ತು."

ಪರೀಕ್ಷೆ ನಡದ ಅಷ್ಟೂ ದಿನ ಮುಂಜಾನಿ ನೇಸರ ಮೂಡೂಕಿಂತ ಮೊದಲ ಅವ್ವನ ಕೈ ಮುಂದ ಕುಂಡ್ರತಿದ್ದೆ. ಎರಡು ಬೆರಳು ಸುತ್ತಿ ಕಟ್ಟಿ, ಆಮ್ಯಾಲೆ ಎರಡು ತಾಸಿನ ಹಾದಿ ಹಿಡೀತಿದ್ದೆ. ಗಣಿತದ ದಿನ ನಾರು ಬರಲೇ ಇಲ್ಲ. ನೀರು ಬಿಟ್ಟೆ, ಬೇವಿನ ತೊಪ್ಪಲ ಕಾಯಿಸಿ ಇಟ್ಟೆ, ಕಡ್ಡಿ ಒಂದು ಕೂದಲೆಳಿ ಅಲುಗಲಿಲ್ಲ. ಹೊತ್ತು ಏರಾಕತ್ತಿತು. "ಹೋಗೋ, ನಾಳೆ ನೋಡಿದ್ರಾತು. ಇದು ನಿನ್ನ ಕಡೀ ವರ್ಷ" ಅಂದ್ಳು ಅವ್ವ. ದಿನಾ ಒಂದೀಟು ಬಿಗಿ ಇಡದಿದ್ರ ಅದು ಒಳಗ ಸರೀತದ, ಇದು ನನಗ ಕಲಿಸಿದಾಕಿನೂ ಆಕಿನ. ಏಳಲಿಲ್ಲ. ಜೀವನದಾಗ ನಾ ಅಷ್ಟು ಸಮಾಧಾನದಿಂದ ಎಂದೂ ಕುಂತಿಲ್ಲ, ಅಷ್ಟು ಗಡಿಬಿಡಿಯೂ ಎಂದೂ ಇದ್ದಿಲ್ಲ. ಕಡೀಕ ಬಂತು. ಒಂದ ಬೆರಳು ಬಂತು. "ಸಾಕು" ಅಂದ್ಳು ಅವ್ವ. ಕಟ್ಟಿ ಓಡಿದೆ. ಶಹಾಪುರ ಮುಟ್ಟೂದ್ರಾಗ ಪೇಪರ್ ಕೊಟ್ಟು ಅರ್ಧ ತಾಸಾಗಿತ್ತು. ಅಂಗಿ ಹಿಂಡಿದ್ರ ನೀರು ಸುರೀತಿತ್ತು. ಒಳಗ ಬಿಟ್ರು, ಪುಣ್ಯಾತ್ಮರು. ಲೆಕ್ಕ ಕನ್ನಡದಾಗ ಬಂದುವು.

ಪರೀಕ್ಷೆ ಮುಗದ ಎಂಟು ದಿನಕ್ಕ ಅವ್ವನ ಕೈಯಾಗಿಂದ ನಾರು ಪೂರ್ತಿ ಬಂತು, ಹರೀದಂಗ. ಮೊಣಕೈಯಿಂದ ಬೆರಳ ತುದಿ ತನಕ ಅಳದೆ, ಇನ್ನೂ ಒಂದು ಗೇಣು ಉಳೀತು. ಆದರ ಆಕಿ ಬೆರಳು ಎರಡು ಮುಂದ ಪೂರಾ ಮಡಚಾಕ ಬರಲಿಲ್ಲ. ನೂಲುವಾಗ ಎಳಿ ದಪ್ಪ ಆಗತಿತ್ತು. ಅದಕ ಆಕಿ ಎಂದೂ ಏನೂ ಅನ್ನಲಿಲ್ಲ. ಅನ್ನಬೇಕಾಗಿತ್ತು ಅಂತ ಇವತ್ತಿಗೂ ಅನಿಸ್ತದ ನನಗ.

ರಿಜಲ್ಟ್ ನೋಡಾಕ ಶಹಾಪುರಕ್ಕ ಹೋಗಿದ್ದೆ. ಪಟ್ಟಿಯೊಳಗ ನನ್ನ ನಂಬರ್ ಮೂರು ಸರ್ತಿ ಓದಿದೆ. ಪಾಸ್! ಊರಿಗೆ ಹ್ಯಾಂಗ ಬಂದೆ ಅಂಬೋದು ನೆನಪಿಲ್ಲ. ಮನಿಯಾಗ ಅವ್ವ ಇದ್ದಿದ್ದಿಲ್ಲ. ಬಾವಿ ಕಡೆ ಗದ್ದಲ ಕೇಳಿ ಹೋದೆ. ಅವ್ವ ಮ್ಯಾಲಿನ ಮೆಟ್ಟಲ ಮ್ಯಾಲೆ ಅಡ್ಡ ಕುಂತಿದ್ಳು. ಕೆಳಓಣಿಯ ಸಾಬಣ್ಣ ಕಾಲಿಗೆ ಕಡ್ಡಿ ಕಟ್ಟಿಕೊಂಡು ನಿಂತು, "ಸರೀಬೇ ನಾಗವ್ವಾ, ಜೀವ ಹೋಗಾಕತ್ತದ, ಕಾಲಿಟ್ಟು ಬರ್ತೀನಿ" ಅಂತ ಒದರಾಕತ್ತಿದ್ದ. ಹಿಂದ ಕೊಡ ಹಿಡದ ಹೆಣ್ಮಕ್ಕಳು, ಮುದುಕರು, ಅರ್ಧ ಊರು.

"ಅವ್ವಾ, ಪಾಸಾದೆ" ಅಂದೆ.

ಆಕಿ ಏಳಲಿಲ್ಲ. ಆಕಿ ಮಾರಿ ಮ್ಯಾಲೆ ಬಂದ ನಗಿ ಮಾತ್ರ ನಾ ಕಂಡೆ. ಆಮ್ಯಾಲೆ ಮಂದಿ ಕಡೆ ಕೈ ತೋರಿಸಿದ್ಳು, ಮಡಚಲಾರದ ಆ ಬೆರಳಿನ ಕೈ.

"ಮಾಸ್ತರ ಆದ್ಯಲ್ಲಾ. ಹಂಗಾದ್ರ ಇವರಿಗೆ ಕಲಿಸು. ನಾ ಹೇಳಿದ್ರ ಕೇಳವಲ್ರು. ಮೊದಲ ನಿಂದು ಹೇಳು."

ಪಾಸಾದ ಖುಷಿಯೊಳಗ ಬಂದಾಂವ ನಾನು. ಸಾಬಣ್ಣ ನೋಡಾಕತ್ತಾನ, ಆ ವರ್ಷ ಎರಡು ತಿಂಗಳು ಮಲಗಿ ಎದ್ದವರು ನೋಡಾಕತ್ತಾರ. ಎಲ್ಲಾರೂ ಗುರುತಿನವರು.

"ಹೋದ ವರ್ಷ ನಾ ಈ ಬಾವಿಯಾಗ ಕಾಲ ಇಟ್ಟಿದ್ದೆ" ಅಂದೆ. "ಇದರಿಂದ ನಿಮಗ ನಾರು ಬರ್ತದ ಅಂತ ಗೊತ್ತಿದ್ದು ಇಟ್ಟಿದ್ದೆ. ನನಗ ಪರೀಕ್ಷೆ ಇತ್ತು."

ಯಾರೋ ಹಿಂದಿನಿಂದ ಒಂದು ಬೈಗಳ ಬೈದ್ರು. ಅದು ನನಗ ಸಲ್ಲಬೇಕಾದದ್ದ. ತಲಿ ತೆಗ್ಗಿಸಿ ನಿಂತೆ, ಆದರ ಅಲ್ಲಿಂದ ಹೋಗಲಿಲ್ಲ. ನಾರಿನ ತುದಿಯಿಂದ ಬರೂ ಹಾಲಿನ ಹನಿ ಹೇಳಿದೆ, ಒಂದು ವರ್ಷದ ಲೆಕ್ಕ ಹೇಳಿದೆ, ಖಾದರ್ ಸಾಬರು ಹೇಳಿದ್ದೆಲ್ಲಾ ಹೇಳಿದೆ. ನಂದೂ ಅವ್ವಂದೂ ಒಂದ ಮನಿ, ಒಂದ ಕೊಡದ ನೀರು, ಸೋಸಿ ಕುಡದಾಂವಗ ಬರಲಿಲ್ಲ, ಸೋಸದ ಕುಡದಾಕಿಗೆ ಬಂತು, ನೋಡ್ರಿ ಅಂದೆ. ಹೇಳೂದು ಮುಗೀತು. ಸಾಬಣ್ಣ ಹಲ್ಲು ಕಚ್ಚಿ, ಇಳಿಯೂದು ಬಿಟ್ಟು ಅಲ್ಲೇ ಕಲ್ಲಿನ ಮ್ಯಾಲೆ ಕುಂತ.

ಆಗ ಕೊಡ ಹೊತ್ತ ಒಬ್ಬ ಹೆಣ್ಮಗಳು ನನ್ನ ಮಾರಿ ನೋಡದ, ಅವ್ವನ್ನ ಕೇಳಿದ್ಳು.

"ಸೋಸಾಕ ಹಳೀ ಸೀರಿ ನಡೀತದೇನ್ ನಾಗವ್ವಾ, ಹೊಸಾದ ಬೇಕೇನು?"

"ನನ್ನ ಕೇಳಬ್ಯಾಡ. ಅಲ್ಲಿ ನಿಂತಾರಲ್ಲ, ಮಾಸ್ತರರನ್ನ ಕೇಳು" ಅಂದ್ಳು ನಮ್ಮವ್ವ.